ಫೋಟೊ ಕೆಟ್ಟಿದ್ದು ಯಾವ ಸ್ಟಾಪಿನಲ್ಲಿ? ಲಿನಕ್ಸ್ ಬ್ರೌಸರ್‌ನಲ್ಲಿ ಹಾಳಾದ ಚಿತ್ರದ ಮೂಲ ಹುಡುಕೋದು ಹೇಗೆ

ಕಳೆದ ಸೆಮಿಸ್ಟರ್‌ನ ಒಂದು ಸಂಜೆ ಮೂರನೇ ಸೆಮ್‌ನ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನು ತೆರೆದುಕೊಂಡೇ ನಮ್ಮ ಕನ್ನಡ ಸಂಘದ ರೂಮಿಗೆ ಬಂದಳು. ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ ತುಂಬುತ್ತಿದ್ದಳು. ಅವತ್ತು ರಾತ್ರಿ 12ಕ್ಕೆ ಕೊನೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ವಿವರ ಎಲ್ಲ ಆಗಿತ್ತು. ಫೋಟೊ ಅಪ್‌ಲೋಡ್ ಮಾಡಿ ಪ್ರಿವ್ಯೂ ನೋಡಿದರೆ ಮುಖದ ಜಾಗದಲ್ಲಿ ಬರೀ ಬಣ್ಣದ ಪಟ್ಟೆಗಳು.

"ಅಕ್ಕಾ, ನನ್ನ ಮುಖ ಸೀರೆ ಅಂಚಿನ ಥರ ಬರ್ತಿದೆ. ಹೀಗೇ ಸಬ್ಮಿಟ್ ಮಾಡಿದ್ರೆ ರಿಜೆಕ್ಟ್ ಆಗುತ್ತಲ್ವಾ?"

ರೂಮಿನಲ್ಲಿ ನಾವು ಐದು ಜನ ಇದ್ದೆವು. ಐದು ಜನರದ್ದೂ ಐದು ತೀರ್ಪು ತಕ್ಷಣ ಬಂತು. "ಕ್ಯಾಂಪಸ್ ವೈಫೈ ಸರಿ ಇಲ್ಲ." "ಸ್ಕ್ರೀನ್ ಹೋಗಿದೆ, ಎಸ್‌ಪಿ ರೋಡಿಗೆ ತಗೊಂಡೋಗು." "ಗ್ರಾಫಿಕ್ಸ್ ಡ್ರೈವರ್." "ಲಿನಕ್ಸ್ ಹಾಕ್ಕೊಂಡ್ರೆ ಹಿಂಗೇ." "ಫಾರ್ಮ್ಯಾಟ್ ಹೊಡಿ, ಅರ್ಧ ಗಂಟೆ ಕೆಲಸ." ಒಂದೂ ಸರಿಯಾಗಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಊಹೆಗಳನ್ನು ಬಿಟ್ಟು ಒಂದು ಕ್ರಮದಲ್ಲಿ ಹುಡುಕಿದಾಗ ಉತ್ತರ ಸಿಕ್ಕಿತು. ಆ ಕ್ರಮವೇ ಈ ಪಾಠ. ನಮ್ಮಲ್ಲಿ ಬಹಳ ಜನ ಲ್ಯಾಬ್‌ಗಾಗಿಯೋ ಹಳೇ ಲ್ಯಾಪ್‌ಟಾಪ್ ಸ್ವಲ್ಪ ಚುರುಕಾಗಲಿ ಅಂತಲೋ ಲಿನಕ್ಸ್ ಹಾಕಿಕೊಂಡಿದ್ದೇವೆ. ಒಂದಲ್ಲ ಒಂದು ದಿನ ಇದು ಎಲ್ಲರಿಗೂ ಬೇಕಾಗುತ್ತೆ.

ಚಿತ್ರ ಬರುವ ದಾರಿ

ಯಲಹಂಕದಲ್ಲಿ ಬಸ್ ಹತ್ತಿ ಮೆಜೆಸ್ಟಿಕ್‌ಗೆ ಹೋಗುವ ದಾರಿ ನಮಗೆಲ್ಲ ಗೊತ್ತು: ಕೊಡಿಗೇಹಳ್ಳಿ ಗೇಟ್, ಹೆಬ್ಬಾಳ, ಮೇಖ್ರಿ ಸರ್ಕಲ್. ಬ್ರೌಸರ್‌ನಲ್ಲಿ ಒಂದು ಚಿತ್ರ ಕಣ್ಣಿಗೆ ಬೀಳುವ ಮೊದಲು ಹೀಗೇ ನಾಲ್ಕು ಸ್ಟಾಪ್ ದಾಟುತ್ತದೆ.

ಯಲಹಂಕ: ಫೈಲ್. ಸರ್ವರ್‌ನಿಂದ ಬಂದ ಅಥವಾ ನಿಮ್ಮ ಡಿಸ್ಕ್‌ನಲ್ಲಿರುವ ಬೈಟ್‌ಗಳು.
ಕೊಡಿಗೇಹಳ್ಳಿ ಗೇಟ್: ಡಿಕೋಡ್. ಜೆಪೆಗ್, ಪಿಎನ್‌ಜಿ, ವೆಬ್‌ಪಿ ಎಂಬ ಗಂಟು ಬಿಚ್ಚಿ ಪಿಕ್ಸೆಲ್‌ಗಳಾಗಿ ರ‍್ಯಾಮ್‌ನಲ್ಲಿ ಹರಡೋದು.
ಹೆಬ್ಬಾಳ: ಜಿಪಿಯು. ಆ ಪಿಕ್ಸೆಲ್‌ಗಳನ್ನು ಟೆಕ್ಸ್ಚರ್ ಮಾಡಿ, ಪುಟದ ಉಳಿದ ಭಾಗಗಳ ಜೊತೆ ಸೇರಿಸೋದು. ಇದಕ್ಕೆ ಕಂಪೋಸಿಟಿಂಗ್ ಅಂತಾರೆ.
ಮೇಖ್ರಿ ಸರ್ಕಲ್: ಪರದೆ. ಸಿದ್ಧವಾದ ಫ್ರೇಮ್ ಕೇಬಲ್ ಮೂಲಕ ಪ್ಯಾನೆಲ್‌ಗೆ ಹೋಗೋದು.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಚೀಲದಲ್ಲಿದ್ದ ಟೊಮ್ಯಾಟೊ ಜಜ್ಜಿದ್ದರೆ, ಅದು ಎಲ್ಲಿ ಜಜ್ಜಿತು ಅಂತ ತಿಳಿಯೋಕೆ ಪ್ರತಿ ಸ್ಟಾಪಿನಲ್ಲೂ ಇಳಿದು ನೋಡಬೇಕಿಲ್ಲ. ಮಧ್ಯದಲ್ಲಿ ಒಮ್ಮೆ ನೋಡಿದರೆ ಅರ್ಧ ದಾರಿಯ ಅನುಮಾನ ಹೋಗುತ್ತೆ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದಿದ ಬೈನರಿ ಸರ್ಚ್ ಇದೇ.

ಮೊದಲ ಪರೀಕ್ಷೆ: ಸ್ಕ್ರೀನ್‌ಶಾಟ್

ಕೆಟ್ಟ ಚಿತ್ರ ಕಾಣುತ್ತಿರುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಅದೇ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ, ಫೋನಿಗೆ ಕಳಿಸಿ ಅಲ್ಲಿ ನೋಡಿ. ಸ್ಕ್ರೀನ್‌ಶಾಟ್ ಅನ್ನೋದು ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ ತಲುಪುವ ಮೊದಲು ತೆಗೆದ ನಕಲು.

ಫೋನಿನಲ್ಲಿ ಚಿತ್ರ ಚೆನ್ನಾಗಿ ಕಂಡರೆ ತೊಂದರೆ ಇರೋದು ಪರದೆಯ ಕಡೆ: ಪ್ಯಾನೆಲ್, ಒಳಗಿನ ಕೇಬಲ್, ಎಚ್‌ಡಿಎಂಐ ತಂತಿ, ಇಲ್ಲವೇ ಪರದೆಗೆ ಫ್ರೇಮ್ ಕಳಿಸುವ ಡ್ರೈವರ್‌ನ ಭಾಗ. ಇನ್ನೊಂದು ಮಾನಿಟರ್ ಜೋಡಿಸಿ ನೋಡಿದರೆ ಬಹುಮಟ್ಟಿಗೆ ಖಚಿತವಾಗುತ್ತೆ. ಲ್ಯಾಪ್‌ಟಾಪ್ ಮುಚ್ಚಳವನ್ನು ಹಿಂದೆ ಮುಂದೆ ಮಾಡಿದಾಗ ಗೆರೆಗಳು ಬದಲಾದರೆ ಒಳಗಿನ ಕೇಬಲ್ ಮೇಲೇ ಅನುಮಾನ. ಆದರೆ ಫೋನಿನಲ್ಲೂ ಕೆಟ್ಟೇ ಕಂಡರೆ ಪರದೆ ನಿರಪರಾಧಿ. ಹೊಸ ಪ್ಯಾನೆಲ್‌ಗೆ ದುಡ್ಡು ಕೊಡುವ ಮೊದಲು ಈ 30 ಸೆಕೆಂಡಿನ ಪರೀಕ್ಷೆಯನ್ನು ಖಂಡಿತ ಮಾಡಿ.

ನಮ್ಮ ಹುಡುಗಿಯ ಸ್ಕ್ರೀನ್‌ಶಾಟ್ ಫೋನಿನಲ್ಲೂ ಪಟ್ಟೆ ಪಟ್ಟೆಯಾಗೇ ಕಂಡಿತು. ಎಸ್‌ಪಿ ರೋಡ್ ಪ್ರಯಾಣ ರದ್ದಾಯ್ತು.

ಎರಡನೇ ಪರೀಕ್ಷೆ: ಫೈಲ್ ಸರಿ ಇದೆಯಾ?

ಅದೇ ಚಿತ್ರವನ್ನು ಡೌನ್‌ಲೋಡ್ ಮಾಡಿ ಬ್ರೌಸರ್ ಹೊರಗಿನ ಇಮೇಜ್ ವ್ಯೂಯರ್‌ನಲ್ಲಿ ತೆರೆಯಿರಿ. ಬೇರೆ ಯಂತ್ರದಲ್ಲೂ ತೆರೆದು ನೋಡಿ. ಎಲ್ಲ ಕಡೆ ಒಂದೇ ರೀತಿ ಕೆಟ್ಟಿದ್ದರೆ ಫೈಲೇ ಕೆಟ್ಟಿದೆ.

ಆಗ ಟರ್ಮಿನಲ್‌ನಲ್ಲಿ 'ಫೈಲ್' ಎಂಬ ಕಮಾಂಡ್ ಕೊಟ್ಟು ಮುಂದೆ ಚಿತ್ರದ ಹೆಸರು ಬರೆಯಿರಿ. ಈ ಕಮಾಂಡ್ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ನಂಬಲ್ಲ, ಒಳಗಿನ ಮೊದಲ ಬೈಟ್‌ಗಳನ್ನು ಓದುತ್ತೆ. ಜೆಪೆಗ್ ಆದರೆ ಆರಂಭದ ಎರಡು ಬೈಟ್ ಹೆಕ್ಸ್‌ನಲ್ಲಿ ಎಫ್‌ಎಫ್ ಮತ್ತು ಡಿ8, ಕೊನೆಯ ಎರಡು ಎಫ್‌ಎಫ್ ಮತ್ತು ಡಿ9. ಪಿಎನ್‌ಜಿ ಆದರೆ 89, 50, 4ಇ, 47 ಅಂತ ಶುರು. ಹೆಸರು ಜೆಪಿಜಿ ಅಂತಿದ್ದು ಒಳಗೆ ವೆಬ್‌ಪಿ ಇರೋದು ಈಗ ಮಾಮೂಲು, ಹಳೇ ವ್ಯೂಯರ್‌ಗಳು ಅದನ್ನು ತೆರೆಯಲ್ಲ. ಇನ್ನೊಂದು ತಮಾಷೆ: ಟರ್ಮಿನಲ್‌ನಿಂದ ಇಳಿಸಿಕೊಂಡ 'ಚಿತ್ರ'ದ ಒಳಗೆ ವೈಫೈ ಲಾಗಿನ್ ಪುಟದ ಎಚ್‌ಟಿಎಂಎಲ್ ಕೂತಿರೋದು.

ಇಲ್ಲಿ ವೈಫೈ ಮೇಲಿನ ಆರೋಪವನ್ನೂ ವಿಚಾರಿಸೋಣ. ನೆಟ್‌ವರ್ಕ್ ಕೆಟ್ಟದಾಗಿದ್ದರೆ ಚಿತ್ರ ಅರ್ಧಕ್ಕೆ ನಿಲ್ಲಬಹುದು, ಕೆಳಭಾಗ ಖಾಲಿ ಅಥವಾ ಬೂದು ಆಗಬಹುದು. ಆದರೆ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ದಾರಿಯಲ್ಲಿ ಒಂದು ಬಿಟ್ ಬದಲಾದರೂ ಟಿಎಲ್‌ಎಸ್ ಅದನ್ನು ಪತ್ತೆ ಹಚ್ಚಿ ಸಂಪರ್ಕವನ್ನೇ ಕಡಿದು ಹಾಕುತ್ತೆ, ಕೆಟ್ಟ ಬೈಟ್‌ಗಳನ್ನು ಬ್ರೌಸರ್‌ಗೆ ಕೊಡೋದಿಲ್ಲ. ಆದ್ದರಿಂದ ವೈಫೈ ಚಿತ್ರವನ್ನು ತುಂಡು ಮಾಡೀತು, ಬಣ್ಣ ಬಳಿಯೋದಿಲ್ಲ. ಹುಡುಗಿಯ ಮೂಲ ಫೋಟೊ ವ್ಯೂಯರ್‌ನಲ್ಲಿ ಚೆನ್ನಾಗೇ ಇತ್ತು. ವೈಫೈ ಕೂಡ ಬಿಡುಗಡೆ.

ಹಾಳಾದ ಆಕಾರ ಓದೋದು

ಡಾಕ್ಟರು ನಾಲಿಗೆ ನೋಡುವ ಹಾಗೆ, ಚಿತ್ರ ಯಾವ ಆಕಾರದಲ್ಲಿ ಕೆಟ್ಟಿದೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತೆ.

ಒಂದು ಸಾಲಿನಿಂದ ಕೆಳಗೆ ಎಲ್ಲ ಬಣ್ಣ ಬದಲಾಗಿ, ಪಕ್ಕಕ್ಕೂ ಸರಿದಿದ್ದರೆ ಅದು ಕೆಟ್ಟ ಜೆಪೆಗ್ ಫೈಲ್. 1992ರಲ್ಲಿ ಒಪ್ಪಿತವಾದ ಜೆಪೆಗ್ ಮಾನದಂಡ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತೆ. ಪ್ರತಿ ಚೌಕದ ಸರಾಸರಿ ಮೌಲ್ಯವನ್ನು ನೇರವಾಗಿ ಬರೆಯದೆ, ಹಿಂದಿನ ಚೌಕಕ್ಕಿಂತ ಎಷ್ಟು ವ್ಯತ್ಯಾಸ ಅಂತ ಮಾತ್ರ ಬರೆಯುತ್ತೆ. ಹಾಗಾಗಿ ಒಂದು ಕಡೆ ತಪ್ಪಿದರೆ ಆ ತಪ್ಪು ಮುಂದಿನ ಚೌಕಗಳಿಗೆಲ್ಲ ದಾಟುತ್ತೆ. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಒಂದು ದಿನದ ಬಾಕಿ ತಪ್ಪು ಬರೆದರೆ ತಿಂಗಳಿಡೀ ಲೆಕ್ಕ ತಪ್ಪುವ ಹಾಗೆ. ಪಿಎನ್‌ಜಿಯಲ್ಲಿ ಹೀಗಾಗೋದು ಅಪರೂಪ. ಅದರ ಪ್ರತಿ ತುಂಡಿಗೂ 32 ಬಿಟ್‌ನ ಸಿಆರ್‌ಸಿ ಮೊತ್ತ ಇರುತ್ತೆ. ತಾಳೆಯಾಗದಿದ್ದರೆ ಡಿಕೋಡರ್ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೆ.

ಮ್ಯಾಪ್ ನೋಡುವಾಗ ದೊಡ್ಡ ಚೌಕಗಳು ಮಾತ್ರ ಖಾಲಿ ಇದ್ದರೆ ಅದು ಕೆಡುಕೇ ಅಲ್ಲ. ಆನ್‌ಲೈನ್ ನಕ್ಷೆಗಳು ಸಾಮಾನ್ಯವಾಗಿ 256×256 ಪಿಕ್ಸೆಲ್‌ನ ಬಿಲ್ಲೆಗಳಾಗಿ ಬರುತ್ತವೆ. ಜಕ್ಕೂರು ಕೆರೆಯ ಉಪಗ್ರಹ ಚಿತ್ರದಲ್ಲಿ ಮಧ್ಯದ ಚೌಕ ಮಾತ್ರ ಇಲ್ಲ ಅಂದ್ರೆ ಆ ಬಿಲ್ಲೆ ಇನ್ನೂ ಬಂದಿಲ್ಲ ಅಷ್ಟೆ. ಇದು ನಿಜಕ್ಕೂ ನೆಟ್‌ವರ್ಕ್ ತೊಂದರೆ.

ಚಿತ್ರ ಇಡೀ ಓರೆಯಾಗಿ ಜಾರಿದಂತೆ ಕಂಡರೆ ಅದು ಸಾಲಿನ ಉದ್ದದ ಲೆಕ್ಕ ತಪ್ಪಿದ್ದು. ನಮ್ಮಲ್ಲಿ ಬಹಳ ಲ್ಯಾಪ್‌ಟಾಪ್‌ಗಳ ಪರದೆ 1366×768. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಒಂದು ಸಾಲಿಗೆ 5464 ಬೈಟ್. ಆದರೆ ಹಾರ್ಡ್‌ವೇರ್ ಸಾಲುಗಳನ್ನು 64 ಬೈಟ್‌ಗಳ ಗುಣಕದಲ್ಲಿ ಕೇಳುತ್ತೆ ಅಂತ ಇಟ್ಟುಕೊಳ್ಳಿ. 5464ನ್ನು 64ರಿಂದ ಭಾಗಿಸಿದರೆ 85.375, ಪೂರ್ಣ ಬರಲ್ಲ. ಅದಕ್ಕೆ 86×64, ಅಂದ್ರೆ 5504 ಬೈಟ್ ಜಾಗ ಕೊಡಬೇಕು. ಉಳಿದ 40 ಬೈಟ್ ಬರೀ ಖಾಲಿ ತುಂಬಾಟ. ಬರೆಯುವವರು 5504ರ ಲೆಕ್ಕದಲ್ಲಿ ಬರೆದು, ಓದುವವರು 5464ರ ಲೆಕ್ಕದಲ್ಲಿ ಓದಿದರೆ ಪ್ರತಿ ಸಾಲೂ 10 ಪಿಕ್ಸೆಲ್ ಜಾರುತ್ತೆ. ನೂರು ಸಾಲಿಗೆ ಸಾವಿರ ಪಿಕ್ಸೆಲ್! ಈ ಸಾಲಿನ ನಿಜವಾದ ಉದ್ದಕ್ಕೆ ಸ್ಟ್ರೈಡ್ ಅಂತ ಹೆಸರು. ಇಮೇಜ್ ಪ್ರೊಸೆಸಿಂಗ್ ಲ್ಯಾಬ್‌ನಲ್ಲಿ ನಿಮ್ಮ ಸಿ ಪ್ರೋಗ್ರಾಂ ಓರೆ ಚಿತ್ರ ಕೊಟ್ಟರೆ ಮೊದಲು ಇದನ್ನೇ ನೋಡಿ.

ಚಿತ್ರ ಮಾತ್ರವಲ್ಲದೆ ಅಕ್ಷರ, ಮೆನು, ಐಕಾನ್ ಎಲ್ಲ ಚೂರು ಚೂರಾಗಿದ್ದರೆ, ಅಥವಾ ಸ್ಕ್ರೋಲ್ ಮಾಡಿದಾಗ ಕೆಡುಕು ಜಾಗ ಬದಲಿಸಿದರೆ ಅನುಮಾನ ನೇರವಾಗಿ ಹೆಬ್ಬಾಳದ ಮೇಲೆ, ಅಂದ್ರೆ ಜಿಪಿಯು ಮೇಲೆ.

ಮೂರನೇ ಪರೀಕ್ಷೆ: ಜಿಪಿಯು ಪಕ್ಕಕ್ಕಿಡಿ

ಹೆಬ್ಬಾಳ ಫ್ಲೈಓವರ್ ಜಾಮ್ ಆದರೆ ಬೇರೆ ರಸ್ತೆ ಹಿಡೀತೀವಲ್ಲ, ಹಾಗೆ ಬ್ರೌಸರ್‌ಗೂ ಜಿಪಿಯು ಬಿಟ್ಟು ಸಿಪಿಯುನಲ್ಲೇ ಚಿತ್ರ ಬಿಡಿಸುವ ದಾರಿ ಇದೆ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಪರ್ಫಾರ್ಮೆನ್ಸ್‌ಗೆ ಹೋಗಿ. ಶಿಫಾರಸು ಮಾಡಿದ ಸೆಟ್ಟಿಂಗ್ ಬಳಸಿ ಅನ್ನುವ ಗುರುತು ತೆಗೆದರೆ ಕೆಳಗೆ ಹಾರ್ಡ್‌ವೇರ್ ಆಕ್ಸೆಲರೇಷನ್ ಕಾಣುತ್ತೆ. ಅದನ್ನೂ ತೆಗೆಯಿರಿ. ಕ್ರೋಮ್ ಮತ್ತು ಕ್ರೋಮಿಯಂನಲ್ಲಿ ಸೆಟ್ಟಿಂಗ್ಸ್ ಒಳಗಿನ ಸಿಸ್ಟಂ ವಿಭಾಗದಲ್ಲಿದೆ. ಬದಲಿಸಿದ ಮೇಲೆ ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ.

ಈಗ ಚಿತ್ರ ಸರಿ ಬಂದರೆ ಮೂಲ ಗ್ರಾಫಿಕ್ಸ್ ಕಡೆ ಇದೆ ಅಂತ ಅರ್ಥ. ಹಾಗಂತ ಅಲ್ಲಿಗೇ ಬಿಡಬೇಡಿ. ಇದು ಪರೀಕ್ಷೆಯೇ ಹೊರತು ಚಿಕಿತ್ಸೆ ಅಲ್ಲ. ಹೀಗೇ ಬಿಟ್ಟರೆ ವಿಡಿಯೊ ನೋಡುವಾಗ ಸಿಪಿಯು ಬಿಸಿಯಾಗುತ್ತೆ, ಬ್ಯಾಟರಿ ಬೇಗ ಇಳಿಯುತ್ತೆ. ಮುಂದೆ ನೋಡಬೇಕಾದ್ದು ಮೂರು.

ಒಂದು, ಹಳೇ ಶೇಡರ್ ಸಂಗ್ರಹ. ಜಿಪಿಯುಗೆ ಬೇಕಾದ ಪುಟ್ಟ ಪ್ರೋಗ್ರಾಂಗಳನ್ನು ಪ್ರತಿಸಲ ಕಂಪೈಲ್ ಮಾಡುವ ಬದಲು ಡ್ರೈವರ್ ಮತ್ತು ಬ್ರೌಸರ್ ಡಿಸ್ಕ್‌ನಲ್ಲಿ ಕೂಡಿಡುತ್ತವೆ. ಇಂಟೆಲ್ ಮತ್ತು ಎಎಂಡಿ ಜಿಪಿಯುಗಳಿಗೆ ಲಿನಕ್ಸ್‌ನಲ್ಲಿ ಬಳಕೆಯಾಗುವ ಮೆಸಾ ಲೈಬ್ರರಿ ಹೋಮ್ ಫೋಲ್ಡರ್‌ನ ಡಾಟ್ ಕ್ಯಾಶ್ ಒಳಗೆ ಇಡುತ್ತೆ, ಕ್ರೋಮಿಯಂ ತನ್ನ ಪ್ರೊಫೈಲ್‌ನಲ್ಲಿ ಜಿಪಿಯು ಕ್ಯಾಶ್ ಎಂಬ ಫೋಲ್ಡರ್ ಇಡುತ್ತೆ. ಮೆಸಾ ಅಪ್‌ಡೇಟ್ ಆದ ಮಾರನೇ ದಿನವೇ ಚಿತ್ರ ಕೆಟ್ಟರೆ ಬ್ರೌಸರ್ ಮುಚ್ಚಿ ಈ ಫೋಲ್ಡರ್‌ಗಳ ಹೆಸರು ಬದಲಿಸಿ ನೋಡಿ. ಹೊಸದನ್ನು ಅವು ತಾವೇ ಕಟ್ಟಿಕೊಳ್ಳುತ್ತವೆ. ಅಳಿಸುವ ಬದಲು ಹೆಸರು ಬದಲಿಸಿದರೆ ವಾಪಸ್ ಬರುವ ದಾರಿ ಉಳಿಯುತ್ತೆ.

ಎರಡು, ನಿದ್ದೆ. ಯಲಹಂಕದ ರೂಮಿನಲ್ಲಿ ಮುಚ್ಚಳ ಮುಚ್ಚಿ, ಕ್ಯಾಂಪಸ್‌ನಲ್ಲಿ ತೆರೆದಾಗ ಮಾತ್ರ ಚಿತ್ರ ಕೆಟ್ಟಿರುತ್ತಾ? ರೀಬೂಟ್ ಮಾಡಿದರೆ ಸರಿಯಾಗುತ್ತಾ? ಹಾಗಿದ್ದರೆ ಸಸ್ಪೆಂಡ್ ನೋಡಿ. ಸಸ್ಪೆಂಡ್ ಆದಾಗ ವಿಡಿಯೊ ಮೆಮೊರಿಯಲ್ಲಿದ್ದದ್ದನ್ನು ಬೇರೆ ಕಡೆ ಉಳಿಸದಿದ್ದರೆ, ಎದ್ದಾಗ ಬ್ರೌಸರ್‌ನ ಟೆಕ್ಸ್ಚರ್‌ಗಳಲ್ಲಿ ಕಸ ಇರಬಹುದು. ಎನ್‌ವಿಡಿಯಾದ ಸ್ವಂತ ಡ್ರೈವರ್‌ನ ಕೈಪಿಡಿ ಇದಕ್ಕೆಂದೇ 'ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಷನ್ಸ್' ಎಂಬ ಮಾಡ್ಯೂಲ್ ಆಯ್ಕೆಯನ್ನೂ, ಅದರ ಜೊತೆ ಚಾಲೂ ಇರಬೇಕಾದ ಸಸ್ಪೆಂಡ್, ರೆಸ್ಯೂಮ್ ಸೇವೆಗಳನ್ನೂ ವಿವರಿಸುತ್ತೆ. ನಿಮ್ಮ ಡಿಸ್ಟ್ರೊ ಅದನ್ನು ಆಗಲೇ ಹಾಕಿದೆಯಾ ಅಂತ ಮೊದಲು ನೋಡಿ, ಆಮೇಲೆ ಕೈ ಹಾಕಿ.

ಮೂರು, ಡ್ರೈವರ್ ಆವೃತ್ತಿ. ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ 'ಅಬೌಟ್' ಬರೆದು ಕೋಲನ್ ಹಾಕಿ 'ಸಪೋರ್ಟ್' ಅಂತ ಸೇರಿಸಿ. ಕ್ರೋಮ್‌ನಲ್ಲಿ 'ಕ್ರೋಮ್', ಕೋಲನ್, ಎರಡು ಓರೆಗೆರೆ, 'ಜಿಪಿಯು'. ಯಾವ ಡ್ರೈವರ್, ಯಾವ ಆವೃತ್ತಿ, ಏನು ಆಫ್ ಆಗಿದೆ ಅಂತ ಅಲ್ಲಿ ಬರೆದಿರುತ್ತೆ. ನಂತರ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಅದೇ ಪುಟ ತೆರೆಯಿರಿ. ಅಲ್ಲಿ ಸರಿ ಇದ್ದರೆ ಹಾರ್ಡ್‌ವೇರ್ ಬಹುಶಃ ಗಟ್ಟಿ ಇದೆ, ನಿಮ್ಮ ಇನ್‌ಸ್ಟಾಲ್‌ನಲ್ಲಿ ಏನೋ ಇದೆ.

ರ‍್ಯಾಮ್ ಅನ್ನೂ ಮರೆಯಬೇಡಿ

4000×3000 ಪಿಕ್ಸೆಲ್‌ನ ಫೋಟೊ ಫೈಲಾಗಿ ಕೆಲವೇ ಎಂಬಿ ಇರಬಹುದು. ಡಿಕೋಡ್ ಆದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 4 ಕೋಟಿ 80 ಲಕ್ಷ ಬೈಟ್, ಅಂದ್ರೆ 48 ಎಂಬಿ. ದೊಡ್ಡ ಚಿತ್ರಗಳು ಹೀಗೆ ರ‍್ಯಾಮ್‌ನ ಬಹಳ ಜಾಗ ಮುಟ್ಟುವುದರಿಂದ ಕೆಟ್ಟ ರ‍್ಯಾಮ್ ಚಿಪ್ ಮೊದಲು ಚಿತ್ರದಲ್ಲೇ ಮುಖ ತೋರಿಸಬಹುದು. ಲಕ್ಷಣ: ಒಂದೇ ಚಿತ್ರ ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಕೆಟ್ಟದ್ದು. ಜೊತೆಗೆ ಟ್ಯಾಬ್‌ಗಳು ಸುಮ್ಮಸುಮ್ಮನೆ ಕ್ರ್ಯಾಶ್, ಇಳಿಸಿದ ಜಿಪ್ ಫೈಲ್ ಬಿಚ್ಚುವಾಗ ಎರರ್. ಆಗ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಯುಎಸ್‌ಬಿಯಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ನಿರ್ಲಕ್ಷಿಸಬೇಡಿ. ಆ ರ‍್ಯಾಮ್ ಇಟ್ಟುಕೊಂಡು ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಅಪಾಯ.

ಹಾಗಾದ್ರೆ ಆ ಹುಡುಗಿಯ ಫೋಟೊ?

ಹೊತ್ತು ರಾತ್ರಿ ಒಂಬತ್ತಾಗಿತ್ತು. ನಮ್ಮ ಕೈಯಲ್ಲಿದ್ದ ಸುಳಿವು ಇಷ್ಟು: ಪರದೆ ಸರಿ, ಮೂಲ ಫೈಲ್ ಸರಿ, ಬೇರೆ ವೆಬ್‌ಸೈಟ್‌ಗಳ ಚಿತ್ರಗಳೆಲ್ಲ ಸರಿ. ಈ ಒಂದು ಅರ್ಜಿ ಪುಟದಲ್ಲಿ, ಅದೂ ಅಪ್‌ಲೋಡ್ ಆದ ಫೋಟೊ ಮಾತ್ರ ಪಟ್ಟೆ.

ಫೈರ್‌ಫಾಕ್ಸ್ ಅನ್ನು ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆದೆವು. ಇದು ಎಕ್ಸ್‌ಟೆನ್ಷನ್‌ಗಳನ್ನೂ ಹಾರ್ಡ್‌ವೇರ್ ಆಕ್ಸೆಲರೇಷನ್ ಅನ್ನೂ ಒಟ್ಟಿಗೇ ಆಫ್ ಮಾಡುತ್ತೆ. ಪಟ್ಟೆ ಹೋಗಲಿಲ್ಲ. ಹಾಗಾದರೆ ಜಿಪಿಯು ಅಲ್ಲ, ಎಕ್ಸ್‌ಟೆನ್ಷನ್ನೂ ಅಲ್ಲ. ಮುಂದೆ ಹೊಸ ಪ್ರೊಫೈಲ್ ಮಾಡಿ ಅದೇ ಪುಟ ತೆರೆದು ಅದೇ ಫೋಟೊ ಹಾಕಿದೆವು. ಮುಖ ಬಂತು! ಅಂದ್ರೆ ಹಳೇ ಪ್ರೊಫೈಲ್‌ನ ಯಾವುದೋ ಸೆಟ್ಟಿಂಗ್.

ಸಪೋರ್ಟ್ ಪುಟದಲ್ಲಿ ಬದಲಾದ ಸೆಟ್ಟಿಂಗ್‌ಗಳ ಪಟ್ಟಿ ಇರುತ್ತೆ. ಅವಳದ್ದು ತುಂಬಾ ಉದ್ದ ಇತ್ತು. ಕೇಳಿದರೆ, ಪ್ರೈವಸಿ ಒಳ್ಳೇದಾಗುತ್ತೆ ಅಂತ ಯಾರೋ ಕೊಟ್ಟ ಸೆಟ್ಟಿಂಗ್ ಫೈಲನ್ನು ಪ್ರೊಫೈಲ್‌ಗೆ ಹಾಕಿಕೊಂಡಿದ್ದಳು. ಕೊಟ್ಟವರು ಯಾರು ಅಂದ್ರೆ ನಮ್ಮದೇ ಸಂಘದ ವರ್ಕ್‌ಶಾಪ್! ಅದರಲ್ಲಿ 'ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್' ಆನ್ ಆಗಿತ್ತು.

ನಡೆದದ್ದು ಹೀಗೆ. ಎಷ್ಟೋ ಅರ್ಜಿ ಪುಟಗಳು ನೀವು ಕೊಟ್ಟ ಫೋಟೊವನ್ನು ಹಾಗೇ ಕಳಿಸಲ್ಲ. ಬ್ರೌಸರ್ ಒಳಗೇ ಕ್ಯಾನ್ವಾಸ್ ಎಂಬ ಅಂಶದ ಮೇಲೆ ಅದನ್ನು ಚಿಕ್ಕದಾಗಿ ಬಿಡಿಸಿ, ಆ ಪಿಕ್ಸೆಲ್‌ಗಳನ್ನು ವಾಪಸ್ ಓದಿ, ಅದನ್ನು ಕಳಿಸುತ್ತವೆ. ಇದೇ ಓದುವ ಸೌಲಭ್ಯವನ್ನು ಜಾಹೀರಾತಿನವರು ಬೇರೆ ಕೆಲಸಕ್ಕೆ ಬಳಸುತ್ತಾರೆ. ಕ್ಯಾನ್ವಾಸ್ ಮೇಲೆ ಏನೋ ಬರೆದು ಓದಿದರೆ ಜಿಪಿಯು, ಡ್ರೈವರ್, ಫಾಂಟ್‌ಗಳಿಗೆ ತಕ್ಕಂತೆ ಸೂಕ್ಷ್ಮ ವ್ಯತ್ಯಾಸ ಬರುತ್ತೆ, ಅದು ನಿಮ್ಮ ಯಂತ್ರದ ಬೆರಳಚ್ಚಿನಂತೆ. ಅದನ್ನು ತಪ್ಪಿಸೋಕೆ ಆ ಸೆಟ್ಟಿಂಗ್ ಇದ್ದಾಗ ಫೈರ್‌ಫಾಕ್ಸ್, ಅನುಮತಿ ಇಲ್ಲದೆ ಓದಲು ಬಂದವರಿಗೆ ನಿಜವಾದ ಪಿಕ್ಸೆಲ್ ಬದಲು ಮನಬಂದ ಬಣ್ಣಗಳನ್ನು ಕೊಡುತ್ತೆ. ವಿದ್ಯಾರ್ಥಿವೇತನದ ಪುಟಕ್ಕೂ ಅದೇ ಸಿಕ್ಕಿತ್ತು. ಬ್ರೌಸರ್ ಕೆಟ್ಟಿರಲಿಲ್ಲ, ಹೇಳಿದ ಕೆಲಸವನ್ನೇ ಮಾಡಿತ್ತು. ಇದಕ್ಕೂ ಲಿನಕ್ಸ್‌ಗೂ ಸಂಬಂಧವೇ ಇಲ್ಲ, ವಿಂಡೋಸ್‌ನಲ್ಲೂ ಹೀಗೇ ಆಗುತ್ತೆ. ಫಾರ್ಮ್ಯಾಟ್ ಹೊಡೆದು ಆ ಫೈಲನ್ನು ಮತ್ತೆ ಹಾಕಿದ್ದರೆ ಪಟ್ಟೆಗಳೂ ಮತ್ತೆ ಬರುತ್ತಿದ್ದವು.

ವಿಳಾಸಪಟ್ಟಿಯ ಎಡಗಡೆ ಕ್ಯಾನ್ವಾಸ್ ಅನುಮತಿ ಕೇಳುವ ಚಿಕ್ಕ ಐಕಾನ್ ಅಷ್ಟೂ ಹೊತ್ತು ಕೂತೇ ಇತ್ತು. ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಟ್ಟೆವು. ಫೋಟೊ ಮತ್ತೆ ಹಾಕಿದಳು, ಸಹಿಯ ಚಿತ್ರವನ್ನೂ ಮತ್ತೆ ಹಾಕಿದಳು, ಯಾಕಂದ್ರೆ ಅದೂ ಪಟ್ಟೆಯಾಗೇ ಹೋಗಿತ್ತು, ಯಾರೂ ಗಮನಿಸಿರಲಿಲ್ಲ. ಹತ್ತೂವರೆಗೆ ಅರ್ಜಿ ಹೋಯಿತು.

ಗೋಡೆಗೆ ಅಂಟಿಸಿಕೊಳ್ಳಿ

1. ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ನೋಡಿ. ಚೆನ್ನಾಗಿದ್ದರೆ ಪರದೆ, ಕೇಬಲ್ ಕಡೆ ಹೋಗಿ.
2. ಚಿತ್ರವನ್ನು ಬೇರೆ ವ್ಯೂಯರ್, ಬೇರೆ ಯಂತ್ರದಲ್ಲಿ ತೆರೆಯಿರಿ. ಎಲ್ಲ ಕಡೆ ಕೆಟ್ಟಿದ್ದರೆ ಫೈಲ್.
3. ಹಾರ್ಡ್‌ವೇರ್ ಆಕ್ಸೆಲರೇಷನ್ ತೆಗೆಯಿರಿ. ಸರಿಹೋದರೆ ಶೇಡರ್ ಕ್ಯಾಶ್, ಸಸ್ಪೆಂಡ್, ಡ್ರೈವರ್.
4. ಹೊಸ ಪ್ರೊಫೈಲ್‌ನಲ್ಲಿ ನೋಡಿ. ಸರಿಹೋದರೆ ಎಕ್ಸ್‌ಟೆನ್ಷನ್ ಅಥವಾ ಸೆಟ್ಟಿಂಗ್.
5. ಒಮ್ಮೆ ಸರಿ, ಒಮ್ಮೆ ಕೆಟ್ಟದ್ದು ಅಂದ್ರೆ ರ‍್ಯಾಮ್ ಪರೀಕ್ಷೆ.
6. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಿಸಿದಿರಿ ಅಂತ ಬರೆದಿಡಿ.

ಆರನೆಯದನ್ನು ನಾವೂ ಆಗಾಗ ಮರೀತೀವಿ. ಮೂರು ಬದಲಾವಣೆ ಒಟ್ಟಿಗೆ ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಶುರುವಿನಿಂದಲೇ ಹುಡುಕಬೇಕು.

ವರ್ಕ್‌ಶಾಪ್‌ನಲ್ಲಿ ನಾವು ಹಂಚಿದ್ದ ಆ ಫೈಲ್‌ಗೆ ಈಗ ಮೇಲುಗಡೆ ನಾಲ್ಕು ಸಾಲು ಕನ್ನಡದ ಎಚ್ಚರಿಕೆ ಸೇರಿಸಿದ್ದೇವೆ: ಯಾವ ಸೆಟ್ಟಿಂಗ್ ಏನು ಮಾಡುತ್ತೆ, ಫೋಟೊ ಅಪ್‌ಲೋಡ್ ಮಾಡುವಾಗ ಏನು ನೋಡಬೇಕು. ಮೊದಲೇ ಬರೆದಿದ್ದರೆ ಅವಳಿಗೆ ಆ ಸಂಜೆಯ ಗಾಬರಿ ಇರುತ್ತಿರಲಿಲ್ಲ. ನೀವೂ ಜೂನಿಯರ್‌ಗಳಿಗೆ ಏನಾದರೂ ಹಾಕಿಕೊಟ್ಟರೆ ಅದು ಏನು ಮಾಡುತ್ತೆ ಅಂತ ಒಂದು ಮಾತು ಹೇಳಿಕೊಡಿ. ಇನ್ನು ಆನ್‌ಲೈನ್ ಅರ್ಜಿ ತುಂಬುವವರಿಗೆ ಒಂದು ಮಾತು: ಸಬ್ಮಿಟ್ ಒತ್ತುವ ಮೊದಲು ಪ್ರಿವ್ಯೂನಲ್ಲಿ ಫೋಟೊ, ಸಹಿ ಎರಡನ್ನೂ ಕಣ್ಣಾರೆ ನೋಡಿ.